ಫಾರ್ಚೂನರೋ, ಎಕ್ಸ್ 3ಯೋ?
ಕಡೂರು ಮತ್ತು ತರೀಕೆರೆಗಳನ್ನು ಜೋಡಿಸುವ, ಹಿಂದೆ 206 ಎಂಬ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿಯಲ್ಲೇ ಹೆಚ್ಚು ಸಂಚರಿಸುವವರಿಗೆ, ಒಡಲೂ ಚೌಕಟ್ಟೂ ಒಂದೇ ಆಗಿರುವ, ಅಂದರೆ ಮೊನೊಕಾಕ್ ರಚನೆಯ, ಬಿಎಂಡಬ್ಲ್ಯು ಎಕ್ಸ್ 3 ಕೊಡುವ ಸುಖ ಹೆಚ್ಚು. ಆದರೆ ಅಜ್ಜಂಪುರದ ಕಡೆಯ ಎರೆಮಣ್ಣು ಮಳೆಗೆ ನೆನೆದು ಗಾಲಿಗೆ ಮೆತ್ತಿ ಟೈರಿನ ಹಲ್ಲುಗಳನ್ನೇ ಮುಚ್ಚಿಬಿಡುವಾಗ, ಪ್ರತ್ಯೇಕ ಉಕ್ಕಿನ ಏಣಿ-ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿರುವ, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್‌ನ ನಾಲ್ಕು ಚಕ್ರ ಚಾಲನೆಯ ಮಾದರಿಯೇ ನಂಬಿಕೆಗೆ ಅರ್ಹ. ಏಕೆಂದರೆ ವೇಗ ತಗ್ಗಿಸಿ ಚಕ್ರಗಳ ಎಳೆತವನ್ನು ಹೆಚ್ಚಿಸುವ 'ಲೋ ರೇಂಜ್' ಗೇರು ಅದರಲ್ಲಿದೆ, ಎಕ್ಸ್ 3ಯಲ್ಲಿ ಇಲ್ಲ. ಕೆಮ್ಮಣ್ಣುಗುಂಡಿಯ ಡಾಂಬರು ತಿರುವುಗಳಲ್ಲಿ ಮಾತ್ರ, ಎತ್ತರದ ಫಾರ್ಚೂನರ್ ಹೆಚ್ಚು ವಾಲುವುದರಿಂದ, ಎಕ್ಸ್ 3ಯೇ ಮೇಲು. ತೋಟದ ಕೆಸರುದಾರಿಯನ್ನು ದಿನವೂ ತುಳಿಯಬೇಕಾದ ಅಡಿಕೆ, ತೆಂಗಿನ ಬೆಳೆಗಾರರು ಫಾರ್ಚೂನರನ್ನೇ ಆರಿಸಿಕೊಳ್ಳುವುದು ಸರಿ.