ಎರಡು ಬಗೆಯ ‘ಬೇಕು’

ಹಸಿದ ಮಗುವು “ಅನ್ನ ಬೇಕು” ಎನ್ನುತ್ತದೆ. ಜಾತ್ರೆಯ ಅಂಗಡಿಯ ಮುಂದೆ ನಿಂತ ಅದೇ ಮಗುವು “ಪೀಪಿ ಬೇಕು” ಎನ್ನುತ್ತದೆ. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಆವಶ್ಯಕತೆಯನ್ನೂ ಆಶೆಯನ್ನೂ ಒಂದೇ ಪದದಿಂದ ಹೇಳಿಕೊಳ್ಳುವ ಮಗುವಿಗೆ ಅವುಗಳ ಅಂತರವನ್ನು ಶಬ್ದಾರ್ಥದಿಂದ ಬೋಧಿಸಲಾಗದು. ಹಿರಿಯರ ನಡತೆಯಿಂದಲೇ ತೋರಿಸಿಕೊಡಬೇಕು. ಈ ಶಿಕ್ಷಣವು ಅಕ್ಷರಾಭ್ಯಾಸಕ್ಕೂ ಮುಂಚೆ ಮನೆಯಲ್ಲಿಯೇ ಆರಂಭವಾಗತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯವು.

ಹಿಂದೆ ಆಶೆಯನ್ನು ಕೆರಳಿಸುವ ಜಾತ್ರೆಯು ವರ್ಷಕ್ಕೊಮ್ಮೆ ಬರುತ್ತಿದ್ದಿತು. ಈಗ ಅದು ಮೊಬೈಲಿನ ರೂಪದಿಂದ ಹಗಲಿರುಳೂ ಮಗುವಿನ ಕೈಯಲ್ಲಿಯೇ ಇದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತವು 1980ರಿಂದಲೇ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಉದ್ದೇಶಿಸಿದ ವ್ಯಾಪಾರದ ಜಾಹಿರಾತುಗಳನ್ನು ನಿಷೇಧಿಸಿದೆ. ನಮ್ಮ ದೇಶದಲ್ಲಿಯೂ 2022ರ ಜೂನ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಯಮಗಳನ್ನು ಹೊರಡಿಸಿತು. ಮಕ್ಕಳ ಅನುಭವಹೀನತೆಯ ದುರುಪಯೋಗ ಮಾಡಿಕೊಳ್ಳುವ, ಅಥವಾ ವಸ್ತುವನ್ನು ಕೊಡಿಸೆಂದು ತಂದೆತಾಯಿಗಳನ್ನು ಒತ್ತಾಯಿಸುವಂತೆ ಅವರನ್ನು ಪ್ರೇರಿಸುವ ಜಾಹಿರಾತುಗಳು ಅವುಗಳ ಪ್ರಕಾರ ಸಲ್ಲವು. ಇದು ಸ್ವಾಗತಾರ್ಹವೇ ಸರಿ. ಆದರೆ ಕಾಯಿದೆಯು ಮನೆಯ ಹೊಸ್ತಿಲವರೆಗೆ ಬಂದೀತು. ಒಳಗಿನ ಕೆಲಸವು ತಂದೆತಾಯಿಗಳದು.

ಆ ಕೆಲಸದಲ್ಲಿ ಮುಖ್ಯವಾದುದು ಯಾವುದು? ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇಲ್ಲಿ ಸ್ಮರಣೀಯವಾಗಿದೆ. 28 ಎಳೆಯ ಮಕ್ಕಳಿಗೆ, ಚಿತ್ರ ಬರೆಯಲು ಒಳ್ಳೆಯ ಸಾಮಗ್ರಿಗಳನ್ನು ತಂದುಕೊಡುವೆವೆಂದು ಹೇಳಲಾಯಿತು. ಅರ್ಧದಷ್ಟು ಮಕ್ಕಳಿಗೆ ಮಾತನ್ನು ನಡೆಸಿಕೊಟ್ಟರು; ಉಳಿದವರಿಗೆ ಬರಿಗೈಯಲ್ಲಿ ಬಂದು ಇಲ್ಲವೆಂದರು. ಬಳಿಕ ಪ್ರತಿಯೊಂದು ಮಗುವಿನ ಮುಂದೆಯೂ ಒಂದು ಸಿಹಿತಿಂಡಿಯನ್ನಿಟ್ಟು, ತಿನ್ನದೆ ಕಾದರೆ ಎರಡನೆಯದೂ ದೊರೆಯುವುದೆಂದರು. ಮಾತು ಉಳಿದಿದ್ದ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮೋಸಹೋದವರು ಮೂರೇ ನಿಮಿಷ. ಮಗುವಿನ ತಾಳ್ಮೆಯು ಹಿರಿಯರ ವಚನದ ಮೇಲೆ ನಿಂತಿರುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವೇನು ಬೇಕು? ಅಳುವನ್ನು ನಿಲ್ಲಿಸಲು “ನಾಳೆ ತಂದುಕೊಡುತ್ತೇನೆ” ಎಂದು ಹೇಳಿ ಮರೆಯುವ ಗೃಹಸ್ಥರು, ಬಯಕೆಯು ಕಾಯಬಲ್ಲುದೆಂಬ ಪಾಠವನ್ನು ತಾವೇ ಅಳಿಸಿಹಾಕುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಮಿತವ್ಯಯದ ಹೆಸರಿನಲ್ಲಿ ಆಟವನ್ನು ಭೋಗವೆಂದೆಣಿಸಲಾಗದು. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆಟವನ್ನೂ ವಿಶ್ರಾಂತಿಯನ್ನೂ ಮಗುವಿನ ಹಕ್ಕೆಂದೇ ಒಪ್ಪಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ಬೆಲೆಯುಳ್ಳ ಬೊಂಬೆಯು ಬಯಕೆ, ಆಡುವುದು ಆವಶ್ಯಕತೆ. ಹಾಗೆಯೇ ಬಡವರ ಮಕ್ಕಳಿಗೆ ಈ ಉಪದೇಶವನ್ನು ಮಾಡಹೊರಡುವವರು ಸ್ವಲ್ಪ ನಾಚಬೇಕು. ಶಾಲೆಯಲ್ಲಿ ಬಿಸಿಯೂಟವನ್ನು ನೀಡಬೇಕೆಂದು 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರಗಳಿಗೆ ಆಜ್ಞಾಪಿಸಬೇಕಾಯಿತು. ಆ ಊಟಕ್ಕಾಗಿ ಕಾಯುವ ಮಗುವಿಗೆ ಆವಶ್ಯಕತೆಯೆಂದರೇನೆಂದು ನಾವು ಕಲಿಸಬೇಕಾಗಿಲ್ಲ. ಕಲಿಯಬೇಕಾದವರು ಉಳ್ಳವರ ಮಕ್ಕಳು.

ಅವರಿಗೆ ಕಲಿಸುವ ಮಾರ್ಗವು ಕಠಿಣವೇನಲ್ಲ. ಸಂತೆಗೆ ಹೋಗುವಾಗ ಮಗುವನ್ನೂ ಕರೆದೊಯ್ದು, ಇದು ಏತಕ್ಕೆ ಬೇಕು, ಇದಿಲ್ಲದೆ ನಡೆಯುವುದೇ ಎಂದು ಅದನ್ನೇ ಕೇಳಿರಿ. “ದುಡ್ಡಿಲ್ಲ” ಎಂದು ಸುಳ್ಳಾಡಬೇಡಿರಿ; “ದುಡ್ಡಿದೆ, ಆದರೆ ಅದು ಬೇರೆ ಕೆಲಸಕ್ಕೆ ಮೀಸಲು” ಎಂದು ನಿಜವನ್ನೇ ಹೇಳಿರಿ. ವಾರಕ್ಕೊಮ್ಮೆ ಅಲ್ಪ ಹಣವನ್ನು ಅದರ ಕೈಯಲ್ಲಿಟ್ಟು, ಅದು ತಪ್ಪಾಗಿ ವೆಚ್ಚಮಾಡಿದರೆ ಮತ್ತೆ ತುಂಬಿಕೊಡಬೇಡಿರಿ. ಸಣ್ಣ ನಷ್ಟವೇ ಒಳ್ಳೆಯ ಗುರು. ಹತ್ತು ವರ್ಷ ತುಂಬಿದ ಮಗುವು ಅಂಚೆ ಕಚೇರಿಯಲ್ಲಿ ಉಳಿತಾಯದ ಖಾತೆಯನ್ನು ತಾನೇ ನಡೆಸಬಹುದು.

ಇಷ್ಟೆಲ್ಲ ಮಾಡಿಯೂ, ಕೆಡದಿರುವ ಮೊಬೈಲನ್ನು ಬಿಸುಟು ನೆರೆಯವನಲ್ಲಿರುವಂತಹ ಹೊಸದನ್ನು ತರುವ ತಂದೆಯು “ನನಗೆ ಇದು ಬೇಕೇಬೇಕು” ಎಂದನೆಂದರೆ, ಕೇಳುತ್ತ ನಿಂತ ಮಗುವು ಕಲಿಯುವುದು ಆ ಮಾತನ್ನೇ. ಆದುದರಿಂದ ಈ ಪಾಠದ ಮೊದಲನೆಯ ವಿದ್ಯಾರ್ಥಿಗಳು ನಾವೇ ಆಗತಕ್ಕದ್ದು.