ಕಲ್ಲಿನ ಧೂಳು ಮತ್ತು ಶ್ವಾಸಕೋಶದ ಉರಿಯೂತ

ಬೂದಿಕೋಟೆ, ಬಂಗಾರಪೇಟೆ ಸುತ್ತಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ ಕೊಯ್ಲು ಮುಗಿದರೆ ಮುಂಗಾರಿನವರೆಗೆ ಕೆಲಸ ಕಡಿಮೆ. ಆಗ ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಕೊಳವೆಬಾವಿ ಕೊರೆಯುವ ಕೆಲಸಕ್ಕೆ ಹೋಗುವವರುಂಟು. ಅಲ್ಲಿ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಇದರ ಅಪಾಯ ಈ ಸೀಮೆಗೆ ಹೊಸದಲ್ಲ. ಕೋಲಾರದ ಗಣಿಗಳಲ್ಲಿ ಚಿನ್ನ ಸಿಗುತ್ತಿದ್ದುದು ಬೆಣಚುಕಲ್ಲಿನಲ್ಲಿ, ಬೆಣಚುಕಲ್ಲೆಂದರೆ ಸಿಲಿಕಾ. ಅಲ್ಲಿನ ಕಾರ್ಮಿಕರಲ್ಲಿ ಸಿಲಿಕೋಸಿಸ್ ರೋಗವಿರುವುದು 1940ರ ದಶಕದಲ್ಲಿಯೇ ದಾಖಲಾಗಿತ್ತು. ಗಣಿಗಳು 2001ರಲ್ಲಿ ಮುಚ್ಚಿದವು. ಕಲ್ಲಿನ ಧೂಳು ಮಾತ್ರ ಬೇರೆ ಕೆಲಸಗಳಲ್ಲಿ ಉಳಿದಿದೆ.

ರೋಗ ಬರುವ ಬಗೆ

ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ಒಳಭಾಗವನ್ನು ಸೇರುತ್ತವೆ. ಅಲ್ಲಿ ಕಸವನ್ನೂ ರೋಗಾಣುಗಳನ್ನೂ ನುಂಗಿ ನಾಶಪಡಿಸುವ ಭಕ್ಷಕ ಕೋಶಗಳಿವೆ. ರೋಗಾಣು ಜೀರ್ಣವಾಗುತ್ತದೆ, ಕಲ್ಲು ಜೀರ್ಣವಾಗದು. ನುಂಗಿದ ಕಣವು ಕೋಶದೊಳಗಿನ ಜೀರ್ಣಚೀಲವನ್ನು ಹರಿಯುತ್ತದೆ. ಆಗ ಎನ್‌ಎಲ್‌ಆರ್‌ಪಿ-3 ಎಂಬ ಪ್ರೋಟೀನು ಎಚ್ಚರಗೊಂಡು, ಉರಿಯೂತವನ್ನು ಹುಟ್ಟಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಸಂದೇಶವಸ್ತುವನ್ನು ಹೊರಬಿಡಿಸುತ್ತದೆ. ಈ ಕ್ರಮವನ್ನು ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು.

ಈ ಪ್ರೋಟೀನು ದೇಹದ ಶತ್ರುವಲ್ಲ. ಸೋಂಕು ತಗುಲಿದಾಗ ಎಚ್ಚರಿಸುವ ಕಾವಲುಗಾರನಿದು. ಸೋಂಕು ಹೋದರೆ ಕೂಗು ನಿಲ್ಲುತ್ತದೆ. ಸಿಲಿಕಾ ಹೋಗುವುದೇ ಇಲ್ಲ. ಕಣವನ್ನು ನುಂಗಿದ ಕೋಶ ಸಾಯುತ್ತದೆ, ಅದೇ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಹೀಗೆ ಉರಿಯೂತ ವರ್ಷಗಟ್ಟಲೆ ಮುಂದುವರಿದು, ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂತಹ ಗಡುಸು ನಾರು ಬೆಳೆಯುತ್ತದೆ. ಏದುಸಿರು, ಒಣಕೆಮ್ಮು ಕಾಣಿಸುತ್ತವೆ. ಕೆಲಸ ಬಿಟ್ಟ ಮೇಲೂ ರೋಗ ಹೆಚ್ಚಬಹುದು. ಕ್ಷಯರೋಗ ತಗುಲುವ ಸಂಭವವೂ ಹೆಚ್ಚು.

ಮುಂಜಾಗ್ರತೆ

ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಆದ್ದರಿಂದ ಧೂಳನ್ನು ತಡೆಯುವುದೇ ಮುಖ್ಯ.

1. ಕಲ್ಲು ಕೊರೆಯುವಾಗ, ಒಡೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸಬೇಕು.

2. ಮುಖಕ್ಕೆ ಸುತ್ತಿದ ಟವೆಲು ಸಾಲದು. ಎನ್-95 ಅಥವಾ ಅದಕ್ಕಿಂತ ಉತ್ತಮವಾದ ಮುಖಗವಸು ಮುಖಕ್ಕೆ ಸರಿಯಾಗಿ ಅಂಟಿಕೊಂಡಿರಬೇಕು.

3. ಧೂಳು ಹಿಡಿದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು. ನೀರಿನಲ್ಲಿ ನೆನೆಸಿ ಒಗೆಯಬೇಕು.

4. ಬೀಡಿ, ಸಿಗರೇಟು ಬಿಡಬೇಕು.

5. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಮತ್ತು ಎಕ್ಸ್-ರೇ ಪರೀಕ್ಷೆ ಮಾಡಿಸಬೇಕು. ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದುಂಟು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬರೀ ರೈತ ಎಂದು ಬರೆಸಿದರೆ ಸಿಲಿಕೋಸಿಸ್ ಇರಬಹುದೆಂಬ ಅನುಮಾನವೇ ವೈದ್ಯರಿಗೆ ಬಾರದೆ ಹೋಗಬಹುದು.