ಮೇಡಂ, ನಮ್ಮ ಅರ್ಜಿ ಎಲ್ಲಿ ಹೋಯ್ತು?

ನಮ್ಮ ಕಾಲೇಜಿನ ಆಫೀಸ್ ಕಿಟಕಿ ಮುಂದೆ ನಿಂತವರಿಗೆಲ್ಲ ಒಂದು ಉತ್ತರ ಬಾಯಿಪಾಠವಾಗಿದೆ: ‘ಸಹಿಗೆ ಹೋಗಿದೆ, ನಾಳೆ ಬನ್ನಿ’. ಸ್ಟಡಿ ಸರ್ಟಿಫಿಕೇಟ್‌ಗೆ ಅರ್ಜಿ ಕೊಟ್ಟರೆ ಅದು ಮೊದಲು ಲೆಕ್ಕ ವಿಭಾಗಕ್ಕೆ, ಅಲ್ಲಿಂದ ಎಚ್‌ಒಡಿ ಹತ್ತಿರ, ಆಮೇಲೆ ಪ್ರಿನ್ಸಿಪಾಲರ ಕೊಠಡಿಗೆ ಹೋಗಿ, ಮತ್ತೆ ಆಫೀಸಿಗೇ ಬರಬೇಕು. ಇವತ್ತು ಯಾರ ಮೇಜಿನ ಮೇಲಿದೆ ಎಂದು ಖಚಿತವಾಗಿ ಹೇಳಬಲ್ಲವರು ಅರ್ಜಿ ಹೊತ್ತು ತಿರುಗುವ ಅಟೆಂಡರ್ ಅಣ್ಣ ಒಬ್ಬರೇ. ಅವರು ರಜೆ ಹಾಕಿದ ದಿನ ಅರ್ಜಿಗಳೂ ರಜೆ.

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದ ನಮ್ಮ ಮೂವರ ತಂಡಕ್ಕೆ ಇದು ಸುಲಭದ ತುತ್ತಿನಂತೆ ಕಂಡಿತು. ‘ಅರ್ಜಿ ತಾನೇ ನಡೆದುಕೊಂಡು ಹೋಗುವ ಹಾಗೆ ಮಾಡಿದರಾಯಿತು’ ಎಂದುಕೊಂಡೆವು. ಗೈಡ್ ಕೂಡ ಒಪ್ಪಿದರು.

ದೊಡ್ಡ ಕಂಪನಿ, ಬ್ಯಾಂಕ್, ಸರ್ಕಾರಿ ಇಲಾಖೆಗಳಲ್ಲಿ ಇಂಥ ಕೆಲಸಕ್ಕೆ ಎಂಟರ್‌ಪ್ರೈಸ್ ಕಂಟೆಂಟ್ ಮ್ಯಾನೇಜ್‌ಮೆಂಟ್ ಎಂಬ ತಂತ್ರಾಂಶ ಇರುತ್ತದೆ. ಹೆಸರು ಉದ್ದ, ಕೆಲಸ ಮಾತ್ರ ಒಳ್ಳೆಯ ರೆಕಾರ್ಡ್ ರೂಮಿನದು: ದಾಖಲೆಯನ್ನು ಜೋಪಾನವಾಗಿಡುವುದು, ಯಾರು ನೋಡಬಹುದು ಯಾರು ತಿದ್ದಬಹುದು ಎಂದು ಕಾಯುವುದು, ತಿದ್ದಿದರೆ ಹಳೆಯ ಪ್ರತಿಯನ್ನೂ ಉಳಿಸುವುದು. ನಾವು ಆರಿಸಿಕೊಂಡದ್ದು ಅಲ್‌ಫ್ರೆಸ್ಕೊ. ಜಾನ್ ಪೊವೆಲ್ ಮತ್ತು ಡಾಕ್ಯುಮೆಂಟಮ್ ಎಂಬ ಕಂಪನಿಯ ಸಹಸಂಸ್ಥಾಪಕರಾಗಿದ್ದ ಜಾನ್ ನ್ಯೂಟನ್ ಸೇರಿ 2005ರಲ್ಲಿ ಅದನ್ನು ಶುರು ಮಾಡಿದರು. ಅದರ ಕಮ್ಯುನಿಟಿ ಆವೃತ್ತಿಗೆ ದುಡ್ಡು ಕೊಡಬೇಕಿಲ್ಲ. ಈ ಕಾರಣ ನಮಗೆ ಬೇರೆಲ್ಲ ಕಾರಣಗಳಿಗಿಂತ ದೊಡ್ಡದಾಗಿತ್ತು!

ಇದರೊಳಗೆ ಕಡತ ಕದಲುವುದಿಲ್ಲ ಎಂಬುದು ನನಗೆ ಮೊದಲು ಹಿಡಿಸಿದ ಸಂಗತಿ. ಅರ್ಜಿ ಇದ್ದಲ್ಲೇ ಇರುತ್ತದೆ. ಒಬ್ಬರಿಂದ ಒಬ್ಬರಿಗೆ ಹೋಗುವುದು ‘ಈಗ ನಿಮ್ಮ ಸರದಿ’ ಎಂಬ ಸೂಚನೆ ಮಾತ್ರ. ಅದಕ್ಕೆ ಟಾಸ್ಕ್ ಎನ್ನುತ್ತಾರೆ. ಯಾರ ನಂತರ ಯಾರ ಸರದಿ ಎಂಬ ನಕ್ಷೆಯೇ ವರ್ಕ್‌ಫ್ಲೋ. ಒಬ್ಬರು ನೋಡಿ ಒಪ್ಪುವುದು, ಹಲವರು ನೋಡಿ ಒಪ್ಪುವುದು, ಒಂದು ಗುಂಪಿನಲ್ಲಿ ಯಾರಾದರೊಬ್ಬರು ಎತ್ತಿಕೊಂಡು ನೋಡುವುದು, ಹೀಗೆ ಕೆಲವು ಸಿದ್ಧ ನಕ್ಷೆಗಳು ಅಲ್‌ಫ್ರೆಸ್ಕೊದಲ್ಲೇ ಇವೆ. ನಾಲ್ಕು ಮೇಜು ಸುತ್ತುವ ನಮ್ಮ ಅರ್ಜಿಗೆ ಅವು ಸಾಲಲಿಲ್ಲ. ಹಾಗಾಗಿ ನಮ್ಮದೇ ನಕ್ಷೆ ಬರೆಯಬೇಕಾಯಿತು.

ಬರೆಯುವುದಕ್ಕೆ ಬಿಪಿಎಂಎನ್ ಎಂಬ ಚಿತ್ರಲಿಪಿ ಇದೆ. ವೃತ್ತದಿಂದ ಶುರು, ಆಯತ ಎಂದರೆ ಕೆಲಸ, ವಜ್ರಾಕೃತಿ ಎಂದರೆ ದಾರಿ ಕವಲೊಡೆಯುವ ಜಾಗ, ದಪ್ಪ ಗೆರೆಯ ವೃತ್ತದಲ್ಲಿ ಮುಕ್ತಾಯ. ಈ ಚಿತ್ರವನ್ನು ಓದಿ ನಡೆಸುವ ಎಂಜಿನ್‌ನ ಹೆಸರು ಆಕ್ಟಿವಿಟಿ. ಅಲ್‌ಫ್ರೆಸ್ಕೊದವರೇ 2010ರಲ್ಲಿ ಆರಂಭಿಸಿದ್ದು. ಚಿತ್ರ ಬರೆದರೆ ಮುಗಿಯಿತು ಎಂದುಕೊಂಡವರಿಗೆ ಆಮೇಲೆ ಎರಡು ವಾರ ನಿದ್ದೆ ಇರಲಿಲ್ಲ. ಪ್ರತಿ ಟಾಸ್ಕ್‌ನಲ್ಲಿ ಏನೇನು ಮಾಹಿತಿ ಇರಬೇಕು ಎಂಬ ಮಾದರಿಗೆ ಒಂದು ಕಡತ, ಅದು ಪರದೆಯ ಮೇಲೆ ಹೇಗೆ ಕಾಣಬೇಕು ಎಂಬುದಕ್ಕೆ ಇನ್ನೊಂದು, ಹೆಸರುಗಳಿಗೆ ಮತ್ತೊಂದು. ಒಂದರಲ್ಲಿ ಒಂದಕ್ಷರ ತಪ್ಪಿದರೂ ಸರ್ವರ್ ಮೇಲೇಳುವುದೇ ಇಲ್ಲ.

ಆಫೀಸಿನವರಿಗೆ ಅನುಕೂಲವಾಗಲಿ ಎಂದು ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೆವು. ‘ಅನುಮೋದಿಸಿ’ ಎಂದು ಬರಬೇಕಾದ ಕಡೆ ಯುರೋಪಿನ ಯಾವುದೋ ಭಾಷೆಯಂತೆ ಕಾಣುವ ತಲೆಬುಡವಿಲ್ಲದ ಅಕ್ಷರಗಳು ಬಂದವು. ಜಾವಾದ ಆ ಹಳೇ ಪದ್ಧತಿಯ ಕಡತ ಕನ್ನಡವನ್ನು ನೇರವಾಗಿ ಓದುವುದಿಲ್ಲ. ಒಂದೊಂದು ಅಕ್ಷರವನ್ನೂ ಅದರ ಯುನಿಕೋಡ್ ಸಂಖ್ಯೆಯಲ್ಲಿ ಬರೆಯಬೇಕು. ‘ಕ’ ಎಂದರೆ ಸೊನ್ನೆ-ಸಿ-ಒಂಬತ್ತು-ಐದು. ಅದು ನನಗೆ ಈಗಲೂ ನೆನಪಿದೆ, ಪರೀಕ್ಷೆಗೆ ಓದಿದ್ದು ನೆನಪಿಲ್ಲ.

ನಮ್ಮ ನಕ್ಷೆಯಲ್ಲಿ ಎಲ್ಲರಿಗಿಂತ ನಮಗೇ ಹೆಮ್ಮೆಯಾಗಿದ್ದ ಭಾಗ ಟೈಮರ್. ‘ಸಕಾಲ’ ನೆನಪಿತ್ತು. 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಆ ಕಾಯ್ದೆಯಲ್ಲಿ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಪ್ರತಿ ಸೇವೆಗೂ ಒಂದು ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ದಂಡ ಹಾಕುವ ಅಧಿಕಾರ ನಮಗೆಲ್ಲಿದೆ? ಎಚ್‌ಒಡಿ ಎರಡು ದಿನ ನೋಡದಿದ್ದರೆ ನೆನಪಿನ ಮೇಲ್ ಹೋಗುವಂತೆ ಮಾಡಿದೆವು, ಅಷ್ಟೇ.

ಒಂದೇ ವಿಭಾಗದಲ್ಲಿ ಒಂದು ತಿಂಗಳು ಪ್ರಯೋಗ ಎಂದು ಅನುಮತಿ ಸಿಕ್ಕಿತು. ಆಫೀಸಿನ ಎಸ್‌ಡಿಎ ಮೇಡಂ ಅರ್ಜಿ ಸ್ಕ್ಯಾನ್ ಮಾಡಿ ವರ್ಕ್‌ಫ್ಲೋ ಶುರು ಮಾಡಬೇಕು. ಅವರು ಶುರು ಮಾಡಿದರು, ಜೊತೆಗೆ ತಮ್ಮ ಆವಕ ಪುಸ್ತಕದಲ್ಲೂ ಬರೆದುಕೊಂಡರು. ‘ಮೇಡಂ, ಇನ್ನು ಅದು ಬೇಡ’ ಎಂದೆ. ‘ಇರಲಿ ಬಿಡಪ್ಪ, ಕೈಗೆ ಅಭ್ಯಾಸ’ ಎಂದರು.

ಮೊದಲ ವಾರವೇ ಎಚ್‌ಒಡಿ ಬೇರೆ ಕಾಲೇಜಿಗೆ ಪರೀಕ್ಷಾ ಕೆಲಸಕ್ಕೆ ಹೋದರು. ಮೂರು ದಿನ ಬಿಟ್ಟು ಬಂದವರು ನಮ್ಮನ್ನು ಕರೆಸಿ ಲ್ಯಾಪ್‌ಟಾಪ್ ತಿರುಗಿಸಿದರು. ‘ಮೂರು ಅರ್ಜಿ ಬಾಕಿ ಇದೆ ಅಂತ ನಿಮ್ಮ ಮೇಲ್ ಬಂದಿದೆ. ಒಳಗೆ ಹೋದ್ರೆ ಒಂದೂ ಇಲ್ಲ. ತಮಾಷೆ ಮಾಡ್ತಿದ್ದೀರಾ?’

ತಮಾಷೆ ಮಾಡಿದ್ದು ಒಂದೇ ಒಂದು ಪದ. ಬಿಪಿಎಂಎನ್‌ನಲ್ಲಿ ಕೆಲಸದ ಅಂಚಿಗೆ ಟೈಮರ್ ಅಂಟಿಸಿದರೆ ಅದು ಎರಡು ರೀತಿ ವರ್ತಿಸಬಹುದು: ಗಂಟೆ ಬಾರಿಸಿ ಸುಮ್ಮನಾಗುವುದು ಒಂದು, ಗಂಟೆ ಬಾರಿಸಿ ಆ ಕೆಲಸವನ್ನೇ ರದ್ದು ಮಾಡುವುದು ಇನ್ನೊಂದು. ಏನೂ ಹೇಳದೆ ಬಿಟ್ಟರೆ ರದ್ದು ಎಂದೇ ಲೆಕ್ಕ. ನಾವು ಏನೂ ಹೇಳಿರಲಿಲ್ಲ. ಮೇಲ್ ಕಳಿಸಿದ ಟೈಮರ್, ಅರ್ಜಿಯ ಸರದಿಯನ್ನೂ ಅಳಿಸಿ, ಮುಕ್ತಾಯದ ವೃತ್ತಕ್ಕೆ ಹೋಗಿ ಕೂತಿತ್ತು.

ಅವತ್ತು ರಾತ್ರಿಯೇ ಸರಿಮಾಡಿ ಹೊಸ ನಕ್ಷೆ ಏರಿಸಿದೆವು. ಎರಡು ದಿನ ಕಳೆದು ಇನ್ನೂ ನಾಲ್ಕು ಅರ್ಜಿ ಮಾಯ! ಹೊಸ ನಕ್ಷೆ ಹೊಸ ಅರ್ಜಿಗಳಿಗೆ ಮಾತ್ರವಂತೆ. ಆಗಲೇ ಹೊರಟವು ತಾವು ಹೊರಟಾಗ ಇದ್ದ ನಕ್ಷೆಯಲ್ಲೇ ಕೊನೆತನಕ ನಡೆಯುತ್ತವೆ. ಯೋಚಿಸಿದರೆ ಅದು ನ್ಯಾಯವೇ, ಆಟದ ನಡುವೆ ನಿಯಮ ಬದಲಿಸಬಾರದಲ್ಲ. ಆದರೆ ಕಳೆದುಹೋದ ಏಳು ಅರ್ಜಿ ಯಾರ್‍ಯಾರದು ಎಂದು ಪಟ್ಟಿ ಕೊಟ್ಟದ್ದು ಮಾತ್ರ ಮೇಡಂ ಅವರ ಆವಕ ಪುಸ್ತಕ. ಇತಿಹಾಸದ ಟೇಬಲ್‌ನಲ್ಲಿ ನಾವೂ ಹುಡುಕಬಹುದಿತ್ತು. ಅವರು ಹಾಳೆ ತಿರುವಿದಷ್ಟು ಬೇಗ ಆಗುತ್ತಿರಲಿಲ್ಲ.

ಇದೆಲ್ಲ ನಗುವಂಥದ್ದು. ಮುಂದಿನದು ಹಾಗಲ್ಲ.

ಮೂರನೇ ವಾರ ಮೇಡಂ ಫೋನ್ ಮಾಡಿದರು. ‘ಬನ್ರಪ್ಪ, ನಿಮ್ಮ ಮಿಷನ್ ಏನು ಮಾಡಿದೆ ನೋಡಿ.’ ಹೋದರೆ ಕಿಟಕಿ ಹತ್ತಿರ ಜೂನಿಯರ್ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ನಿಂತಿದ್ದಳು. ಪರದೆಯ ಮೇಲೆ ನಾವೇ ಬರೆದ ಸಾಲು: ‘ಅರ್ಜಿ ತಿರಸ್ಕೃತ. ಕಾರಣ: ಶುಲ್ಕ ಬಾಕಿ.’ ವಿದ್ಯಾರ್ಥಿ ವೇತನದ ಅರ್ಜಿಗೆ ಸ್ಟಡಿ ಸರ್ಟಿಫಿಕೇಟ್ ಬೇಕು, ಕೊನೆಯ ದಿನ ನಾಳೆ. ಲೆಕ್ಕ ವಿಭಾಗದವರು ‘ಬಾಕಿ ಇದೆ’ ಎಂದು ಟಿಕ್ ಮಾಡಿದ್ದರು. ಅದು ಸುಳ್ಳೂ ಅಲ್ಲ. ನಮ್ಮ ವಜ್ರಾಕೃತಿಯ ಕವಲು ಅವಳನ್ನು ಒಂದು ಕ್ಷಣವೂ ತಡೆಯದೆ ಹೊರದಾರಿಗೆ ತಳ್ಳಿತ್ತು. ಎಚ್‌ಒಡಿ ನೋಡಲಿಲ್ಲ, ಪ್ರಿನ್ಸಿಪಾಲರು ನೋಡಲಿಲ್ಲ. ಯಾರೂ ನೋಡುವುದು ಬೇಡ ಎಂದು ತೀರ್ಮಾನಿಸಿದವರು ನಾವು ಮೂವರು, ಹಾಸ್ಟೆಲ್ ರೂಮಿನಲ್ಲಿ ಕೂತು.

‘ರೂಲ್ಸ್ ಹಾಗೇ ಇದೆಯಲ್ಲ ಮೇಡಂ’ ಎಂದ ನನ್ನ ಗೆಳೆಯ.

‘ಇದೆ. ಆದ್ರೆ ಸ್ಕಾಲರ್‌ಶಿಪ್ ಬಂದ್ರೆ ತಾನೇ ಅವಳು ಫೀಸು ಕಟ್ಟೋದು?’

ಆಪರೇಟಿಂಗ್ ಸಿಸ್ಟಮ್ಸ್ ವಿಷಯದಲ್ಲಿ ಡೆಡ್‌ಲಾಕ್ ಎಂದು ಒಂದು ಪಾಠವಿದೆ. ಒಬ್ಬ ಇನ್ನೊಬ್ಬನಿಗಾಗಿ, ಆ ಇನ್ನೊಬ್ಬ ಇವನಿಗಾಗಿ ಕಾಯುತ್ತ ಇಬ್ಬರೂ ನಿಂತುಬಿಡುವ ಸ್ಥಿತಿ. ಅದಕ್ಕೆ ಹತ್ತು ಅಂಕದ ಉತ್ತರ ಬರೆದಿದ್ದೇನೆ, ಚಿತ್ರ ಸಮೇತ. ಶುಲ್ಕಕ್ಕೆ ವೇತನ ಬೇಕು, ವೇತನಕ್ಕೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟ್‌ಗೆ ಶುಲ್ಕ ಬೇಕು. ಅದೇ ಚಿತ್ರ ಕಣ್ಣೆದುರು ಕಾಲೇಜು ಬ್ಯಾಗ್ ಹಾಕಿಕೊಂಡು ನಿಂತಾಗ ನನಗೆ ಗುರುತು ಸಿಗಲಿಲ್ಲ. ಬಿಎ ಓದಿ ಎಸ್‌ಡಿಎ ಆದ ಮೇಡಂಗೆ ಸಿಕ್ಕಿತ್ತು.

ಅವರು ಇಷ್ಟು ವರ್ಷ ಏನು ಮಾಡುತ್ತಿದ್ದರು? ಅರ್ಜಿಯ ಅಂಚಿನಲ್ಲಿ ‘ವಿದ್ಯಾರ್ಥಿ ವೇತನದ ಉದ್ದೇಶಕ್ಕೆ ಮಾತ್ರ’ ಎಂದು ಷರಾ ಬರೆದು ಪ್ರಿನ್ಸಿಪಾಲರ ಮುಂದಿಡುತ್ತಿದ್ದರು, ಅವರು ಸಹಿ ಮಾಡುತ್ತಿದ್ದರು. ಅವತ್ತೂ ಹಾಗೇ ಮಾಡಿದರು. ಅಟೆಂಡರ್ ಅಣ್ಣನಿಗೂ ಕೊಡದೆ ತಾವೇ ಎದ್ದು ಹೋದರು. ಇಪ್ಪತ್ತು ನಿಮಿಷದಲ್ಲಿ ಸರ್ಟಿಫಿಕೇಟ್ ಅವಳ ಕೈಯಲ್ಲಿತ್ತು.

ಅವಳು ಹೋದ ಮೇಲೆ ಸ್ವಲ್ಪ ಮುನಿಸಿನಿಂದಲೇ ಕೇಳಿದೆ, ‘ಶುರುವಿನಲ್ಲಿ ಎಲ್ಲ ವಿಚಾರಿಸಿದೆವಲ್ಲ ಮೇಡಂ, ಆಗ ಯಾಕೆ ಹೇಳಲಿಲ್ಲ?’

‘ನೀವು ರೂಲ್ಸ್ ಏನು ಅಂತ ಕೇಳಿದ್ರಿ, ಹೇಳಿದೆ. ನಾನು ಏನು ಮಾಡ್ತೀನಿ ಅಂತ ಕೇಳಲೇ ಇಲ್ವಲ್ಲ.’

ಮರುದಿನ ಕಿಟಕಿಯ ಆಚೆ ಬದಿಗೆ ಮೂರು ಕುರ್ಚಿ ಹಾಕಿಕೊಂಡು ಕೂತೆವು. ಮಧ್ಯಾಹ್ನದ ತನಕ ಏನೂ ಕೇಳಲಿಲ್ಲ, ಅವರು ಕೆಲಸ ಮಾಡುವುದನ್ನು ನೋಡಿದೆವು. ಎಚ್‌ಒಡಿ ಇಲ್ಲದ ದಿನ ಇನ್‌ಚಾರ್ಜ್ ಯಾರೆಂದು ಅವರಿಗೆ ಗೊತ್ತು, ನಮ್ಮ ನಕ್ಷೆಗೆ ಗೊತ್ತಿರಲಿಲ್ಲ. ಬಸ್ ಪಾಸಿನ ಅರ್ಜಿಗಳನ್ನು ಕೊನೆಯ ದಿನ ನೋಡಿ ಮೇಲಕ್ಕಿಡುತ್ತಾರೆ. ನಮ್ಮದು ಬಂದ ಸಾಲಿನಲ್ಲೇ ಕಳಿಸುತ್ತಿತ್ತು. ಅಪ್ಪನ ಹೆಸರಿನ ಕಾಗುಣಿತ ತಪ್ಪಿದ್ದರೆ ಅರ್ಜಿ ಹಿಂದಿರುಗಿಸದೆ ಅಲ್ಲೇ ಕರೆದು ತಿದ್ದಿಸುತ್ತಾರೆ.

ನಕ್ಷೆ ಮತ್ತೆ ಬರೆದೆವು. ಎಚ್‌ಒಡಿ ಟಾಸ್ಕ್ ಒಬ್ಬರ ಹೆಸರಿಗಿಲ್ಲ, ಗುಂಪಿಗೆ ಇದೆ. ಇನ್‌ಚಾರ್ಜ್ ಇರುವವರು ಎತ್ತಿಕೊಳ್ಳಬಹುದು. ‘ಶುಲ್ಕ ಬಾಕಿ’ ಎಂಬ ಕವಲು ಈಗ ಮುಕ್ತಾಯದ ವೃತ್ತಕ್ಕೆ ಹೋಗುವುದಿಲ್ಲ, ಮೇಡಂ ಅವರ ಟಾಸ್ಕ್‌ಗೆ ಹೋಗುತ್ತದೆ. ತಿರಸ್ಕರಿಸುವುದಿದ್ದರೆ ಒಬ್ಬ ಮನುಷ್ಯ ಓದಿ, ಕಾರಣ ಬರೆದು, ತಿರಸ್ಕರಿಸಬೇಕು. ತಾನಾಗಿ ‘ಇಲ್ಲ’ ಎನ್ನುವ ದಾರಿ ನಮ್ಮ ನಕ್ಷೆಯಲ್ಲಿ ಈಗ ಒಂದೂ ಇಲ್ಲ. ವೈವಾದಲ್ಲಿ ಪರೀಕ್ಷಕರು ‘ಇದು ಪೂರ್ತಿ ಆಟೊಮ್ಯಾಟಿಕ್ ಅಲ್ಲವಲ್ಲ’ ಎಂದು ಎರಡು ಅಂಕ ಕಡಿಮೆ ಕೊಟ್ಟರು. ನಾವು ವಾದಿಸಲಿಲ್ಲ.

ಪ್ರಯೋಗದ ತಿಂಗಳು ಮುಗಿದರೂ ಆ ವಿಭಾಗದಲ್ಲಿ ಅದಿನ್ನೂ ನಡೆಯುತ್ತಿದೆ. ಆವಕ ಪುಸ್ತಕವೂ ಪಕ್ಕದಲ್ಲೇ ಇದೆ. ಮೊನ್ನೆ ಮೇಡಂ ಮತ್ತೆ ಫೋನ್ ಮಾಡಿದ್ದರು. ಷರಾ ಬರೆಯುವ ಜಾಗಕ್ಕೆ 200 ಅಕ್ಷರದ ಮಿತಿ ಹಾಕಿದ್ದೇವಲ್ಲ, ಅದು ಸಾಲುತ್ತಿಲ್ಲವಂತೆ.